ತೂಗಿ ಕೊಂಡ ಹಾಯಿದೋಣಿ

ಕ್ರೇನ್ ಸ್ಕೇಲ್ 131 ಕೆಜಿ ತೋರಿಸಿತು. ದೋಣಿ ಮಾರುವವರು ಒಮ್ಮೆ ಅಂಕಿ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ‘ನಿಮ್ಮ ಕಾಟಾ ಸರಿ ಇಲ್ಲ’ ಅಂದರು. ಪಕ್ಕದಲ್ಲೇ ಒಡೆಯದ ಸಿಮೆಂಟ್ ಚೀಲ ಬಿದ್ದಿತ್ತು. ದೋಣಿ ಇಳಿಸಿ ಅದನ್ನು ಕೊಕ್ಕೆಗೆ ಹಾಕಿದೆ. ಅಂಕಿ 50ಕ್ಕೆ ಬಂದು ನಿಂತಿತು. ಆಮೇಲೆ ಕಾಟಾದ ಮಾತು ಬರಲಿಲ್ಲ.

ಎಂಟರ್‌ಪ್ರೈಸ್ ಅನ್ನೋ ಜಾತಿಯ ಚಿಕ್ಕ ಹಾಯಿದೋಣಿಯ ಬರಿ ಮೈ 94 ಕೆಜಿ ಇರಬೇಕು. ಫಿಟಿಂಗ್, ಹಳೆ ಬಣ್ಣದ ಪದರ, ಯಾರೋ ಹಾಕಿದ ಪ್ಯಾಚು ಎಲ್ಲ ಸೇರಿ ಹನ್ನೆರಡು ಕೆಜಿ ಅಂತ ಬಿಟ್ಟುಬಿಡೋಣ. ಉಳಿದ 25 ಕೆಜಿ ಏನು? ನೀರು. ಕಣ್ಣಿಗೆ ಕಾಣದಂತೆ ಎರಡು ಕೊಡ ನೀರು ಆ ದೋಣಿಯ ಮೈಯೊಳಗೆ ಕೂತಿತ್ತು. 75 ಸಾವಿರ ಹೇಳಿದ್ದ ದೋಣಿ ಅವತ್ತು ಸಂಜೆ 42 ಸಾವಿರಕ್ಕೆ ನನ್ನದಾಯಿತು.

ಇದು 2023ರ ಮೇ ಕೊನೆಯ ಮಾತು, ಗೋವಾದಲ್ಲಿ. ಅದೇ ದೋಣಿ ಈಗ ಎರಡು ಮಳೆಗಾಲ ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಮಿನ ನೀರಿನಲ್ಲಿ ಓಡಿದೆ. ‘ಅಗ್ಗದ ದೋಣಿ ಅಂದ್ರ ಮುಳುಗೋ ದೋಣಿ’ ಅಂತ ನಮ್ಮ ಕಾಕಾ ಹೇಳಿದ್ದರು. ದೋಣಿ ಬಲ್ಲ ಗೆಳೆಯರೂ ಹೆಚ್ಚುಕಡಿಮೆ ಅದನ್ನೇ ಹೇಳಿದ್ದರು. ಈಗ ಅವರಲ್ಲೇ ಇಬ್ಬರು ‘ಹ್ಯಾಂಗ್ ನೋಡಿ ತಗೊಂಡಿ, ಒಂದ್ಸಲ ಬರದು ಕೊಡು’ ಅಂತ ಬೆನ್ನು ಬಿದ್ದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹಾಯಿ ಏರಿಸೋದು, ಗಾಳಿಗೆದುರು ತಿರುಗಿಸಿ ಟ್ಯಾಕ್ ಹೊಡೆಯೋದು ನಿಮಗೆ ಗೊತ್ತೇ ಇದೆ. ಆ ಪಾಠ ಇಲ್ಲಿಲ್ಲ.

ಕಾಕಾ ಹಾಗೆ ಹೇಳಿದ್ದಕ್ಕೆ ಕಾರಣ ಇತ್ತು. 2016ರಲ್ಲಿ ನಾನು ಒಂದು ದೋಣಿ ಕೊಂಡು ಪೂರ್ತಿ ಕಳೆದುಕೊಂಡಿದ್ದೆ. ಹದಿನೆಂಟು ಅಡಿ, ಚಿಕ್ಕ ಕ್ಯಾಬಿನ್ ಇದ್ದದ್ದು. 35 ಸಾವಿರಕ್ಕೆ ಸಿಕ್ಕಿತು. ಹೊರಗಿನಿಂದ ನೋಡಿದರೆ ಹೊಸ ಬಣ್ಣ, ಕನ್ನಡಿ ಹೊಳಪು. ಹಿಡಕಲ್ ಡ್ಯಾಮ್ ಹಿನ್ನೀರಿನಲ್ಲಿ ಓಡಿಸೋಣ ಅಂತ ಕನಸು ಕಟ್ಟಿಕೊಂಡು ತಂದೆ. ಮನೆಗೆ ಬಂದ ಮೇಲೆ ಒಂದು ದಿನ ಡೆಕ್ ಮೇಲೆ ಮಾಸ್ಟಿನ, ಅಂದರೆ ಹಾಯಿಕಂಬದ, ಬುಡದಲ್ಲಿ ನಿಂತೆ. ಹಿಮ್ಮಡಿ ಕೆಳಗೆ ಡೆಕ್ ಸ್ವಲ್ಪ ಇಳಿದು ಮೇಲೆ ಬಂತು. ಹಾಸಿಗೆ ಮೇಲೆ ಕಾಲಿಟ್ಟ ಹಾಗೆ. ಅಲ್ಲೇ ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು.

ಡೆಕ್ಕಿನ ಎರಡು ಫೈಬರ್ ಪದರದ ನಡುವೆ ಪ್ಲೈವುಡ್ ಇತ್ತು. ಅಂಚಿನ ಕಟಕಟೆ ಕಂಬಗಳ (ಸ್ಟ್ಯಾಂಚನ್) ಬೋಲ್ಟಿನ ತೂತುಗಳಿಂದ ವರ್ಷಗಟ್ಟಲೆ ನೀರು ಇಳಿದು ಆ ಪ್ಲೈ ಒದ್ದೆ ಚಹಾಪುಡಿಯಂತಾಗಿತ್ತು. ಒಂದು ಕಡೆ ಕತ್ತರಿಸಿದೆ, ಕೊಳೆತದ್ದು ಇನ್ನೂ ಮುಂದೆ ಹೋಗಿತ್ತು. ಮತ್ತಷ್ಟು ಕತ್ತರಿಸಿದೆ. ಅದು ಇನ್ನೂ ಮುಂದೆ. ಮೂರು ವರ್ಷದಲ್ಲಿ ಸುಮಾರು ಒಂದು ಲಕ್ಷ ಅರವತ್ತು ಸಾವಿರ ಸುರಿದೆ, ಕೊಂಡ ದುಡ್ಡು ಸೇರಿ. ನೀರಿಗೆ ಇಳಿದದ್ದು ಎರಡೇ ಸಲ. ಕೊನೆಗೆ ಮಾಸ್ಟು, ಹಗ್ಗ ಎಳೆಯುವ ವಿಂಚು, ಹಾಯಿಯ ಕೆಳಗಿನ ಅಡ್ಡ ಕೋಲು ಬೂಮು ಮಾರಿ 22 ಸಾವಿರ ಬಂತು. ಮೈಯನ್ನು ಗ್ರೈಂಡರ್‌ನಿಂದ ತುಂಡು ಮಾಡಿಸಿದೆ. ನಮ್ಮ ಮನೆಯವಳು ಅವತ್ತು ಏನೂ ಅನ್ನಲಿಲ್ಲ. ಚಹಾ ತಂದು ಪಕ್ಕದಲ್ಲಿಟ್ಟು ಒಳಗೆ ಹೋದಳು.

ಆ ದೋಣಿ ಕೊಳ್ಳುವಾಗ ನಾನು ಬೆಲೆಯನ್ನೇ ನೋಡಿದ್ದೆ. ‘ಹೊಸದಕ್ಕೆ ಇಷ್ಟು ಲಕ್ಷ, ಇದು 35 ಸಾವಿರ’ ಅನ್ನೋ ಲೆಕ್ಕ. ಆ ಲೆಕ್ಕ ತಪ್ಪು ಅಂತ ಗೊತ್ತಾಗಲು ಮೂರು ವರ್ಷ ಬೇಕಾಯಿತು. ಆಮೇಲೆ ಬೇರೆ ಲೆಕ್ಕ ಕಟ್ಟಿಕೊಂಡೆ.

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದು ಚಿಕ್ಕ ಮಷೀನ್ ಶಾಪ್. ಹೈಡ್ರಾಲಿಕ್ ಸಿಲಿಂಡರ್ ಭಾಗಗಳ ಜಾಬ್‌ವರ್ಕ್. ಈ ಊರಲ್ಲಿ ಲೋಹದ ಕೆಲಸಕ್ಕೆ ಏನೂ ಕೊರತೆ ಇಲ್ಲ. ಲೇತ್ ಇದೆ, ಆರ್ಗಾನ್ ವೆಲ್ಡಿಂಗ್ ಇದೆ, ಫೌಂಡ್ರಿ ಇದೆ, ಸ್ಟೇನ್‌ಲೆಸ್ ರಾಡ್ ಕಾಲ್ನಡಿಗೆಯ ದೂರದಲ್ಲಿ ಸಿಗುತ್ತದೆ. ಮುಂಬೈನವರು ಒಂದು ಚುಕ್ಕಾಣಿ ಕೊಂಡಿಗೆ ಎರಡು ಸಾವಿರ ಕೊಟ್ಟು ತಿಂಗಳು ಕಾಯುತ್ತಾರೆ. ನಾನು ಅದನ್ನು ಊಟದ ಬಿಡುವಿನಲ್ಲಿ ಮಾಡಿಕೊಳ್ಳುತ್ತೇನೆ. ಆದರೆ ಹಾಯಿ? ಮಾಸ್ಟಿನ ಅಲ್ಯೂಮಿನಿಯಂ ಸೆಕ್ಷನ್? ಅದು ಇಲ್ಲಿ ಸಿಗೋದೇ ಇಲ್ಲ.

ಹಾಗಾಗಿ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿದೆ. ಮೊದಲನೆಯದು ಉದ್ಯಮಬಾಗದಲ್ಲಿ ಆಗುವ ಕೆಲಸ. ಅದಕ್ಕೆ ಬರೀ ಸಾಮಾನಿನ ಖರ್ಚು. ಎರಡನೆಯದು ಹೊರಗಿನಿಂದ ತರಿಸಬೇಕಾದದ್ದು. ಅದಕ್ಕೆ ಅವರು ಹೇಳಿದ ದರದ ಒಂದೂವರೆ ಪಟ್ಟು, ಯಾಕೆಂದರೆ ಸಾಗಾಟ, ತಪ್ಪು ಅಳತೆ, ವಾಪಸ್ ಕಳಿಸೋದು ಇದ್ದೇ ಇರುತ್ತದೆ. ಮೂರನೆಯದು ನೀರು. ಮೈಯೊಳಗೆ, ಪ್ಲೈನೊಳಗೆ, ಫೋಮಿನೊಳಗೆ ಎಷ್ಟು ನೀರಿದೆ ಅನ್ನೋದು. ಈ ಮೂರನೇ ಕಾಲಂ ತೂಗಿ ಹೇಳಲಾಗದಿದ್ದರೆ ದೋಣಿ ಪುಕ್ಕಟೆ ಕೊಟ್ಟರೂ ಬೇಡ.

ಇದೇ ಲೆಕ್ಕ ಹಿಡಿದು ನಾಲ್ಕು ದೋಣಿ ಬಿಟ್ಟೆ. ಬಿಟ್ಟ ದೋಣಿಗಳ ಬಗ್ಗೆ ಯಾರೂ ಬರೆಯೋದಿಲ್ಲ. ನನಗೆ ದುಡ್ಡು ಉಳಿದದ್ದು ಅಲ್ಲೇ.

ಅದರಲ್ಲಿ ಒಂದು ಇಪ್ಪತ್ನಾಲ್ಕು ಅಡಿಯ ಕೀಲ್ ದೋಣಿ, ಅಂದರೆ ತಳಕ್ಕೆ ಭಾರದ ಲೋಹದ ರೆಕ್ಕೆಯನ್ನು ಬೋಲ್ಟ್ ಹಾಕಿ ಕೂಡಿಸಿದ್ದು, ಒಂದು ಲಕ್ಷ ಎಂಬತ್ತು ಸಾವಿರಕ್ಕೆ. ಆ ಬೆಲೆ ಕೇಳಿ ಯಾರಿಗಾದರೂ ಆಸೆ ಹುಟ್ಟುತ್ತದೆ. ಒಳಗೆ ಡೀಸೆಲ್ ಎಂಜಿನ್ ಇತ್ತು. ಕೈಯಿಂದ ತಿರುಗಿಸಲು ನೋಡಿದೆ, ಕದಲಲಿಲ್ಲ. ಅದು ದೊಡ್ಡ ಮಾತಲ್ಲ, ಎಂಜಿನ್ ಬಿಚ್ಚುವವರು ನಮ್ಮಲ್ಲಿ ಬೇಕಾದಷ್ಟು. ಆದರೆ ಕೆಳಗೆ ಮಲಗಿ ಕೀಲ್ ಮತ್ತು ತಳ ಕೂಡುವ ಗೆರೆ ನೋಡಿದೆ. ಒಂದು ಕಡೆ ಕೂದಲೆಳೆ ಸಂದು. ಅದರಿಂದ ಚಹಾ ಬಣ್ಣದ ಕಲೆ ಇಳಿದಿತ್ತು. ‘ಬರೀ ಬಣ್ಣದ ಕಲೆ’ ಅಂದರು. ಬೆರಳಿನಿಂದ ಒರೆಸಿದೆ, ಬೆರಳಿಗೆ ತುಕ್ಕು ಬಂತು. ಕೀಲ್ ಬೋಲ್ಟ್ ಒಳಗೆ ತಿನ್ನುತ್ತಾ ಇದೆ ಅಂತ ಅರ್ಥ. ಬೋಲ್ಟಿನ ನಟ್ಟು ಮೇಲೆ ಚೆನ್ನಾಗೇ ಕಾಣುತ್ತದೆ, ನಡುವೆ ಸಂದಿನಲ್ಲಿ ಸೊಂಟ ಸವೆದು ಪೆನ್ಸಿಲ್ ಆಗಿರುತ್ತದೆ. ಅದನ್ನು ನೋಡಬೇಕಾದರೆ ಕೀಲ್ ಬಿಡಿಸಬೇಕು, ಕ್ರೇನ್ ಬೇಕು. ನಡು ನೀರಿನಲ್ಲಿ ಕೀಲ್ ಕಳಚಿದರೆ ದೋಣಿ ಮಗುಚುತ್ತದೆ, ಮತ್ತೆ ಏಳುವುದಿಲ್ಲ. ಕೈ ಮುಗಿದು ಬಂದೆ. ಇಂಥ ದೊಡ್ಡ ದೋಣಿಗೆ ಮನಸ್ಸು ಮಾಡುವವರು ದಯವಿಟ್ಟು ದೋಣಿ ತಪಾಸಣೆ ಮಾಡುವ ಸರ್ವೇಯರ್ ಕರೆಸಿ. ನನ್ನ ವಿಧಾನ ಡಿಂಗಿ ಅನ್ನೋ ಚಿಕ್ಕ ತೆರೆದ ದೋಣಿಗೆ ಮಾತ್ರ ಸಾಕು.

ಇನ್ನೊಂದರ ತಳದಲ್ಲಿ ಬೇಳೆ ಗಾತ್ರದ ಗುಳ್ಳೆಗಳು. ಒಂದನ್ನು ಒಡೆಸಿ ನೋಡಲು ಕೇಳಿದೆ, ಬಿಡಲಿಲ್ಲ. ಗುಳ್ಳೆಯ ನೀರು ಹುಳಿ ವಾಸನೆ ಹೊಡೆದರೆ ನೀರು ಬರೀ ಹೊರಗಿನ ಬಣ್ಣದಡಿ ಇಲ್ಲ, ಫೈಬರ್ ಪದರದೊಳಗೇ ಇದೆ. ಒಡೆಸಲು ಬಿಡದವರ ದೋಣಿಯೂ ಬೇಡ. ಉಳಿದ ಎರಡರ ಹಾಯಿ, ಮಾಸ್ಟ್ ಎರಡೂ ಹೋಗಿದ್ದವು. ಎರಡನೇ ಕಾಲಂ ಹೊಸ ದೋಣಿಯ ಅರ್ಧ ಬೆಲೆಗೆ ಮುಟ್ಟಿತು.

ಐದನೆಯದೇ ಈ ಎಂಟರ್‌ಪ್ರೈಸ್. ಜ್ಯಾಕ್ ಹೋಲ್ಟ್ 1956ರಲ್ಲಿ ವಿನ್ಯಾಸ ಮಾಡಿದ್ದು, 4.04 ಮೀಟರ್ ಉದ್ದ, ನೀಲಿ ಹಾಯಿ. ನಾನು ಈ ಜಾತಿಯನ್ನೇ ಹುಡುಕಿದ್ದಕ್ಕೆ ಒಂದೇ ಕಾರಣ. ಇದರ ತೂಕ ಈ ಜಾತಿ ದೋಣಿಯ ನಿಯಮದಲ್ಲೇ ಬರೆದಿದೆ. ಅಂಥ ನಿಯಮ ಇಲ್ಲದ ದೋಣಿಯನ್ನು ತೂಗಿ ಏನು ಪ್ರಯೋಜನ? ಯಾವುದಕ್ಕೆ ಹೋಲಿಸುವುದು?

ಮೇ ಕೊನೆ ಅಂದೆನಲ್ಲ, ಅದೂ ಲೆಕ್ಕ ಹಾಕಿಯೇ. ಮಳೆ ಶುರುವಾಗುವ ಮೊದಲು ಮಾಲೀಕರು ದೋಣಿ ಮೇಲೆತ್ತಬೇಕು, ಮುಚ್ಚಬೇಕು, ಜಾಗದ ಬಾಡಿಗೆ ಕಟ್ಟಬೇಕು. ಮಾರುವ ಮನಸ್ಸಿದ್ದವರಿಗೆ ಆಗ ದಿನ ಎಣಿಕೆ. ಅಕ್ಟೋಬರಿನಲ್ಲಿ ಅದೇ ದೋಣಿಗೆ ಹದಿನೈದು ಸಾವಿರ ಜಾಸ್ತಿ ಕೇಳುತ್ತಾರೆ.

ತೂಗಿದ್ದು ಹೀಗೆ. ಶಾಪಿನಿಂದ ಕ್ರೇನ್ ಸ್ಕೇಲು, ಚೈನ್ ಪುಲ್ಲಿ, ಎರಡು ಅಗಲ ಬೆಲ್ಟು ಒಯ್ದಿದ್ದೆ. ಅಂಗಳದಲ್ಲಿ ದಪ್ಪ ಮಾವಿನ ಕೊಂಬೆ ಇತ್ತು. ಮೊದಲು ಎಲ್ಲ ಪ್ಲಗ್ ತೆಗೆದು, ದೋಣಿ ಹಿಂದಕ್ಕೆ ವಾಲಿಸಿ, ಒಂದು ತಾಸು ಬಿಟ್ಟೆ. ಚೆಲ್ಲುವ ನೀರೆಲ್ಲ ಚೆಲ್ಲಬೇಕು. ಮಾಸ್ಟು, ಬೂಮು, ಚುಕ್ಕಾಣಿ, ನಡುವೆ ನೀರಿಗಿಳಿಸುವ ಹಲಗೆ ಸೆಂಟರ್‌ಬೋರ್ಡು, ಹಗ್ಗ ಎಲ್ಲ ಹೊರಗೆ. ಆಮೇಲೆ ಎತ್ತಿದ್ದು. ಎತ್ತಿದಾಗ ಮುಂಭಾಗ ಬೇಗ ಜಗ್ಗಿತು. ನೀರು ಎಲ್ಲಿದೆ ಅನ್ನೋದಕ್ಕೆ ಅದೂ ಒಂದು ಸುಳಿವು.

ಆಮೇಲೆ ಐದು ರೂಪಾಯಿ ನಾಣ್ಯ ಹಿಡಿದು ಮೈಯೆಲ್ಲ ಬಡಿದೆ. ಗಟ್ಟಿ ಇದ್ದಲ್ಲಿ ಟಣ್ ಟಣ್. ಟ್ರಾನ್ಸಮ್ಮಿನ, ಅಂದರೆ ದೋಣಿಯ ಹಿಂಬದಿ ಹಲಗೆಯ, ಬಲಗಡೆ, ಚುಕ್ಕಾಣಿ ಕೊಂಡಿಯ ಕೆಳಗೆ, ಎರಡು ಗೇಣು ಜಾಗ ಮಾತ್ರ ದಬ್ ದಬ್. ಸೀಮೆಸುಣ್ಣದಿಂದ ಗುರುತು ಹಾಕಿದೆ. ಉಳಿದ ಮೈ ಗಟ್ಟಿ. ಬೆಟ್ಟು ಮಡಚಿ ಬಡಿದು ಕೇಳಿದರೂ ಆಗುತ್ತದೆ, ಆದರೆ ನೂರು ಸಲ ಬಡಿಯಬೇಕಲ್ಲ, ನಾಣ್ಯವೇ ವಾಸಿ.

ಗಾಳಿಪೆಟ್ಟಿಗೆ, ಅಂದರೆ ಮಗುಚಿದಾಗ ತೇಲಿಸುವ ಟ್ಯಾಂಕುಗಳನ್ನು ಗೌಂಡಿಗಳ ಲೆವೆಲ್ ಪೈಪು ಮತ್ತು ಸೈಕಲ್ ಪಂಪಿನಿಂದ ನೋಡಿದೆ. ಪೈಪಿನಲ್ಲಿ ನೀರು ನಾಲ್ಕು ಇಂಚು ಏರುವಷ್ಟು ಮಾತ್ರ ಗಾಳಿ, ಜಾಸ್ತಿ ಬೇಡ, ಟ್ಯಾಂಕ್ ಬಿರಿಯುತ್ತದೆ. ಎಡಗಡೆಯದು ಅರ್ಧಕ್ಕಿಳಿಯಲು ಆರೇಳು ನಿಮಿಷ ತಗೊಂಡಿತು, ಚೆನ್ನಾಗಿದೆ. ಬಲಗಡೆಯದು ಇಪ್ಪತ್ತು ಸೆಕೆಂಡಿಗೇ ಇಳಿಯಿತು. ಸಾಬೂನು ನೀರು ಹಚ್ಚಿದರೆ ಡೆಕ್ ಸೇರುವ ಅಂಚಿನಲ್ಲಿ ನೊರೆ ಎದ್ದಿತು. ಅಂಚು ಅಂಟಿಸೋದು ನಮ್ಮ ಕೈಯಲ್ಲೇ ಇದೆ. ಮೊದಲ ಕಾಲಂ.

ಮಾಸ್ಟ್ ಹಿಡಿಯುವ ಶ್ರೌಡ್ ತಂತಿಗಳ ಮೇಲೆ ಹತ್ತಿ ಉಂಡೆ ಎಳೆದೆ. ಎಳೆ ಮುರಿದಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಗಲಿಲ್ಲ. ಹಾಗಂತ ನಂಬಲಿಲ್ಲ. ತುದಿಯ ಒತ್ತು ಕೊಳವೆ ಇದೆಯಲ್ಲ, ತಂತಿ ಒಳಗೆ ಹೋಗುವ ಬಾಯಿಯಲ್ಲಿ ಕಂದು ಗೆರೆ ಕಂಡಿತು. ಸ್ಟೇನ್‌ಲೆಸ್ ಹೊರಗೆ ಹೊಳೆಯುತ್ತಾ ಒಳಗೆ ಹೋಗುವುದು ಅಲ್ಲೇ. ತಂತಿ ಎಲ್ಲ ಹೊಸದು ಅಂತ ಬರೆದುಕೊಂಡೆ. ಆಮೇಲೆ ಶಾಪಿನಲ್ಲಿ ಆ ಹಳೆ ತಂತಿಯನ್ನು ಸಿಲಿಂಡರ್ ಮತ್ತು ಲೋಡ್ ಸೆಲ್ಲಿಗೆ ಕಟ್ಟಿ ಎಳೆದು ನೋಡಿದೆ. 3 ಎಂಎಂ ತಂತಿ ಹೊಸದಿದ್ದಾಗ ಸುಮಾರು 700 ಕೆಜಿ ತಡೆಯುತ್ತದೆ. ಇದು 430ರ ಹತ್ತಿರ ಪಟ್ ಅಂತ ಹೋಯಿತು, ಸರಿಯಾಗಿ ಆ ಕೊಳವೆಯ ಬಾಯಲ್ಲೇ. ಮುರಿದ ತುದಿ ಈಗಲೂ ಮೇಜಿನ ಡ್ರಾದಲ್ಲಿದೆ. ‘ತಂತಿ ಇನ್ನೂ ಚಲೋ ಐತಿ’ ಅನ್ನುವವರಿಗೆ ತೆಗೆದು ತೋರಿಸುತ್ತೇನೆ.

ಮಾಸ್ಟನ್ನು ಬಂದೂಕಿನ ಹಾಗೆ ಕಣ್ಣಿಗೆ ಹಿಡಿದು ನೋಡಿದೆ. ನೇರ ಇತ್ತು. ಸ್ಟೇನ್‌ಲೆಸ್ ರಿವೆಟ್ ಇದ್ದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿ ಕಾರಿತ್ತು, ಆದರೆ ಆಣಿಯಿಂದ ಗೀರಿದರೆ ಗುಳಿ ಆಳವಿರಲಿಲ್ಲ. ಇದೇ ನನ್ನನ್ನು ಒಪ್ಪಿಸಿತು. ಮಾಸ್ಟ್ ಹೋಗಿದ್ದರೆ 20 ಸಾವಿರಕ್ಕೂ ಕೊಳ್ಳುತ್ತಿರಲಿಲ್ಲ. ಹಾಯಿ ಮುಗಿದಿತ್ತು. ಬಟ್ಟೆ ಮೆತ್ತಗಾಗಿ, ಹೊಲಿಗೆ ದಾರ ಉಗುರು ತಾಗಿದರೆ ಪುಡಿಯಾಗುತ್ತಿತ್ತು.

ಅಂಗಳದಲ್ಲೇ ಕೂತು ಮೂರೂ ಕಾಲಂ ಕೂಡಿಸಿದೆ. ಕೊಳ್ಳುವ ದುಡ್ಡು ಬಿಟ್ಟು 83 ಸಾವಿರ. ನನ್ನ ಮಿತಿ ಒಂದೂಕಾಲು ಲಕ್ಷ. ಉಳಿದದ್ದು 42. ಆ ಕಾಗದವನ್ನೇ ಅವರ ಮುಂದಿಟ್ಟೆ. ಒಂದು ಪೈಸೆ ಚೌಕಾಸಿ ಮಾಡಲಿಲ್ಲ. ಅವರು ಎರಡು ಸಲ ಓದಿದರು, ಒಳಗೆ ಹೋಗಿ ಹೆಂಡತಿ ಹತ್ತಿರ ಮಾತಾಡಿ ಬಂದರು, ಆಯಿತು ಅಂದರು.

ಸಾಗಿಸುವುದು ಒಂದು ಕಥೆ. ಟ್ರೇಲರಿಗೆ ಕಾಗದ ಇರಲಿಲ್ಲ, ಅದಕ್ಕೆ ಬಿಟ್ಟೆ. ಪಿಕಪ್ ಗಾಡಿ ಮೇಲೆ ಆಂಗಲ್ ಫ್ರೇಮ್ ಕಟ್ಟಿ ದೋಣಿ ಬೋರಲು ಹಾಕಿದೆವು. ಮಾಸ್ಟ್ ಅದರ ಮೇಲೆ, ಹಿಂದೆ ಕೆಂಪು ಬಟ್ಟೆ. ಬಾಡಿಗೆ, ಕೂಲಿ ಎಲ್ಲ ಹನ್ನೊಂದು ಸಾವಿರ. ಚೋರ್ಲಾ ಘಾಟಿನ ತಿರುವುಗಳಲ್ಲಿ ಮಾಸ್ಟ್ ತುದಿ ಬಂಡೆಗೆ ತಾಗದಂತೆ ನಾನು ಬೈಕಿನಲ್ಲಿ ಹಿಂದೆ ಹಿಂದೆ ಬಂದೆ. ಕಣಕುಂಬಿಯಲ್ಲಿ ಚಹಾಕ್ಕೆ ನಿಂತೆವು. ಮಲಪ್ರಭೆ ಹುಟ್ಟುವುದು ಅಲ್ಲೇ. ಈ ದೋಣಿ ಇಳಿಯಬೇಕಾದದ್ದು ಅದೇ ಹೊಳೆಯ ಡ್ಯಾಮಿಗೆ. ಚಹಾ ಅಂಗಡಿಯವರು ‘ಬೆಳಗಾವ್ಯಾಗ ಸಮುದ್ರ ಎಲ್ಲೈತ್ರಿ?’ ಅಂದರು. ನಾನು ಅವರಿಗೆ ಮಹದಾಯಿ ಕಥೆ ಹೇಳಿದೆ. ನೌಕಾಪಡೆಯ ದಿಲೀಪ್ ದೋಂದೆ 2009–10ರಲ್ಲಿ ಒಬ್ಬರೇ ಜಗತ್ತು ಸುತ್ತಿದ ಹಾಯಿದೋಣಿ, ಆಮೇಲೆ ಅಭಿಲಾಷ್ ಟಾಮಿ 2012–13ರಲ್ಲಿ ಎಲ್ಲೂ ನಿಲ್ಲದೆ ಸುತ್ತಿದ ದೋಣಿ, ಎರಡೂ ಒಂದೇ. ಹೆಸರು ‘ಮ್ಹಾದೇಯಿ’. ಕಟ್ಟಿದ್ದು ಗೋವಾದ ದಿವಾಡಿ ದ್ವೀಪದಲ್ಲಿ, ಹೆಸರು ಮಾತ್ರ ನಮ್ಮ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಹೊಳೆಯದು. ಅವರು ಚಹಾದ ದುಡ್ಡು ತಗೊಳ್ಳಲಿಲ್ಲ.

ಇನ್ನು ದುಡ್ಡು ಹಾಳಾದ ಭಾಗ.

ದೋಣಿ ಬಂದ ಹುಮ್ಮಸ್ಸಿಗೆ ಜೂನ್‌ನಲ್ಲೇ ಟ್ರಾನ್ಸಮ್ ಕೊರೆದೆ. ಒಳಗಿನ ಪ್ಲೈ ಕೊಳೆತ ಜಾಗ ನಾನು ಸೀಮೆಸುಣ್ಣದಿಂದ ಗುರುತು ಹಾಕಿದ್ದಕ್ಕಿಂತ ಎರಡು ಇಂಚು ಮಾತ್ರ ಜಾಸ್ತಿ ಇತ್ತು. ಐಎಸ್ 710 ಮರೀನ್ ಪ್ಲೈ ತಂದು ಕೂಡಿಸಿ, ಜುಲೈನಲ್ಲಿ ಫೈಬರ್ ಅಂಟಿಸುವ ಪಾಲಿಯೆಸ್ಟರ್ ರೆಸಿನ್ ಹಾಕಿದೆ. ಬೆಳಗಾವಿ ಜುಲೈ ನಿಮಗೆ ಗೊತ್ತಲ್ಲ. ಗೋಡೆಯೇ ಬೆವರುತ್ತದೆ. ರೆಸಿನ್ ಮೂರು ದಿನವಾದರೂ ಅಂಟಂಟು. ಹಾರ್ಡ್ನರ್ ಜಾಸ್ತಿ ಮಾಡಿ ಎರಡನೇ ಸಲ ಹಾಕಿದೆ. ಒಂದು ವಾರ ಬಿಟ್ಟು ಮೂಲೆಯಲ್ಲಿ ಪಟ್ಟಿ ಹಾಕಿ ಎತ್ತಿದೆ. ಇಡೀ ಪ್ಯಾಚು ಹಪ್ಪಳದ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಐದು ಸಾವಿರ ಅಲ್ಲಿಗೆ ಹೋಯಿತು.

ಎಚ್ಚರಿಕೆ ಒಂದು ಹೇಳಿಬಿಡುತ್ತೇನೆ. ರೆಸಿನ್ ಅಂಗಡಿಯಲ್ಲಿ ರೆಸಿನ್ ಬೇಗ ಗಟ್ಟಿಯಾಗಲು ಹಾಕುವ ಕೋಬಾಲ್ಟ್ ಬೇರೆ ಬಾಟಲಿ, ಹಾರ್ಡ್ನರ್ ಬೇರೆ ಬಾಟಲಿ ಕೊಡುತ್ತಾರೆ. ಎರಡನ್ನೂ ನೇರ ಕೂಡಿಸಬೇಡಿ. ಬೆಂಕಿ ಹತ್ತುತ್ತದೆ. ಕೋಬಾಲ್ಟ್ ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೇ ಹಾರ್ಡ್ನರ್.

ಆ ವರ್ಷ ಬರ ಬಿತ್ತು. ಡ್ಯಾಮಿನಲ್ಲಿ ಹೆಚ್ಚು ನೀರಿರಲಿಲ್ಲ. ರೈತರಿಗೆ ಕಷ್ಟದ ವರ್ಷ, ನನಗೆ ಮಾತ್ರ ಅವಸರ ಇಲ್ಲದೆ ಕೆಲಸ ಮಾಡಲು ಸಮಯ ಸಿಕ್ಕಿತು. ಅಕ್ಟೋಬರಿನಿಂದ ಮತ್ತೆ ಶುರು ಮಾಡಿದೆ, ಈ ಸಲ ಎಪಾಕ್ಸಿ. ಹಳೆ ಪಾಲಿಯೆಸ್ಟರ್ ಮೇಲೆ ಅದರ ಹಿಡಿತ ಬೇರೆಯೇ. ತುಂಡು ಎಳೆಯ ಫೈಬರ್ ಮ್ಯಾಟ್ ಬೇಡ, ನೇಯ್ದ ಫೈಬರ್ ಬಟ್ಟೆ ಬಳಸಿ. ಅಂಚನ್ನು ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ. ಈ ಉಜ್ಜುವ ಕೆಲಸದಲ್ಲಿ ಮೂರು ಭಾನುವಾರ ಹೋದವು, ಆದರೆ ಮೈಗಳ್ಳತನ ಮಾಡುವ ಜಾಗ ಇದಲ್ಲ.

ಮುಂದಿನ ಟ್ಯಾಂಕಿನ ತಗ್ಗಿನಲ್ಲಿ 6 ಎಂಎಂ ತೂತು ಕೊರೆದು ಕೆಳಗೆ ಬಕೆಟ್ ಇಟ್ಟೆ. ಬೆಳಿಗ್ಗೆ ನೋಡಿದರೆ ಏಳೆಂಟು ಲೀಟರ್ ಕಪ್ಪು ನೀರು. ಒಳಗಿನ ಫೋಮ್ ತೆಗೆದು ತೂಗಿದೆ, ಹದಿನಾಲ್ಕು ಕೆಜಿ. ಒಣಗಿದ್ದರೆ ಎರಡು ಕೆಜಿಯೂ ಆಗಬಾರದು. ಅದನ್ನು ಎಸೆದು, ಖಾಲಿ ಎರಡು ಲೀಟರ್ ಸೋಡಾ ಬಾಟಲಿ ನಲವತ್ತು ತುಂಬಿದೆ. ಮುಚ್ಚಳಕ್ಕೆ ಸಿಲಿಕಾನ್. ಟ್ಯಾಂಕ್ ಒಡೆದರೂ ಎಂಬತ್ತು ಲೀಟರ್ ಗಾಳಿ ಎಲ್ಲೂ ಹೋಗುವುದಿಲ್ಲ. ಮದುವೆ ಹಾಲ್‌ನಿಂದ ಪುಕ್ಕಟೆ ಸಿಕ್ಕಿದವು. ಉಳಿದ ಒದ್ದೆಯನ್ನು ಫೈಬರ್ ಪದರದಿಂದ ಹೇಗೆ ಎಳೆದೆ ಅನ್ನೋದು ಮಾತ್ರ ಬರೆಯುವುದಿಲ್ಲ. ಶಾಪಿನ ಒಂದು ಹಳೆ ಮಷೀನು, ಎಂಟು ರಾತ್ರಿ, ಅಷ್ಟು ಹೇಳುತ್ತೇನೆ. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಕೊಂಡಿ, ಪಿನ್ನು, ಶ್ರೌಡ್ ತಂತಿ ಕಟ್ಟುವ ಚೈನ್‌ಪ್ಲೇಟು ಎಲ್ಲ ನಮ್ಮಲ್ಲೇ ಮಾಡಿದ್ದು. 304 ದರ್ಜೆಯ ಸ್ಟೀಲು ಸಾಕು, ನಮ್ಮದು ಸಿಹಿನೀರು. ಸಮುದ್ರಕ್ಕೆ ಒಯ್ಯುವವರು 316 ಹಾಕಿ. ಆಯಸ್ಕಾಂತ ಹಿಡಿದು ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಗುಜರಿಯವರ ಹತ್ತಿರ 316ರಲ್ಲಿರುವ ಮಾಲಿಬ್ಡಿನಮ್ ತೋರಿಸುವ ಮೋಲಿ ಟೆಸ್ಟ್ ದ್ರಾವಣ ಇರುತ್ತದೆ, ಅದನ್ನು ಕೇಳಿ.

ಹಾಯಿಯಲ್ಲಿ ಎರಡು ಪ್ರಯೋಗ ಮಾಡಿದೆ. ಚುನಾವಣೆ ಮುಗಿದ ಮೇಲೆ ಫ್ಲೆಕ್ಸ್ ಬ್ಯಾನರ್ ಬೇಕಾದಷ್ಟು ಸಿಗುತ್ತಿತ್ತು. ಒಂದನ್ನು ಹಳೆ ಹಾಯಿಯ ಅಳತೆಗೆ ಕತ್ತರಿಸಿ, ಅಂಚಿಗೆ ಪಟ್ಟಿ ಹೊಲಿಸಿ, ಐಲೆಟ್ ಹೊಡೆಸಿದೆ. 1,800 ಖರ್ಚು. ಶಾಪಿನ ಅಂಗಳದಲ್ಲಿ ಮಾಸ್ಟ್ ನಿಲ್ಲಿಸಿ ಗಾಳಿಗೆ ಬಿಟ್ಟೆ. ಇಪ್ಪತ್ತು ನಿಮಿಷದಲ್ಲಿ ನಡುವೆ ಚೀಲದ ಹಾಗೆ ಜೋತು ಬಿತ್ತು, ಮತ್ತೆ ಸರಿಯಾಗಲಿಲ್ಲ. ಇನ್ನೊಂದು, ಹಳೆ ಹಾಯಿಯನ್ನೇ ಮತ್ತೆ ಹೊಲಿಸುವುದು. ಹಾಯಿಗೆ ಅಂಕುಡೊಂಕು (ಝಿಗ್‌ಝ್ಯಾಗ್) ಹೊಲಿಗೆ ಬೇಕು, ಸಾದಾ ಮಷೀನಿನಲ್ಲಿ ಬರಲ್ಲ. ಸೀರೆಗೆ ಫಾಲ್-ಪಿಕೋ ಮಾಡುವ ಅಕ್ಕ ಒಬ್ಬರು ವಡಗಾವಿಯಲ್ಲಿದ್ದಾರೆ. ‘ಇದ್ಯಾವ ಸೀರಿ ಅಣ್ಣಾ?’ ಅಂತ ಕೇಳಿ, ಪಾಲಿಯೆಸ್ಟರ್ ದಾರ ಹಾಕಿ ಪಿಕೋ ಮಷೀನಿನಲ್ಲೇ ಎರಡು ಪದರದ ಹೊಲಿಗೆ ಚೆನ್ನಾಗಿ ಕೂರಿಸಿಕೊಟ್ಟರು. ದಪ್ಪ ಮೂಲೆಗಳಿಗೆ ಸೂಜಿ ಮುರಿಯಿತು, ಅದನ್ನು ಚಪ್ಪಲಿ ಹೊಲಿಯುವವರ ಹತ್ತಿರ ಮಾಡಿಸಿದೆ. ಹೊಲಿಗೆ ಗೆದ್ದಿತು, ಬಟ್ಟೆ ಸೋತಿತು. ಈಗ ಅದು ಕಲಿಯುವ ಹುಡುಗರಿಗೆ. ನನಗೆ ಕೊನೆಗೆ ಹೊರಗಿನಿಂದ ಒಳ್ಳೆಯ ಸ್ಥಿತಿಯ ಸೆಕೆಂಡ್ ಹ್ಯಾಂಡ್ ಮೇನ್ (ದೊಡ್ಡ ಹಾಯಿ) ಮತ್ತು ಜಿಬ್ (ಮುಂದಿನ ಚಿಕ್ಕ ಹಾಯಿ) ತರಿಸಬೇಕಾಯಿತು, 38 ಸಾವಿರ.

ನೆನಪಿನಿಂದ ಲೆಕ್ಕ ಹೇಳುತ್ತೇನೆ, ನೂರಿನ್ನೂರು ಹಿಂದೆಮುಂದೆ ಇರಬಹುದು. ದೋಣಿ 42, ಗಾಡಿ 11, ಹಾಯಿ 38, ಎಪಾಕ್ಸಿ ಮತ್ತು ಬಟ್ಟೆ 9, ತಂತಿ 7, ಬಣ್ಣ 6, ಸ್ಟೇನ್‌ಲೆಸ್ 3, ಪ್ಲೈ ಎರಡೂವರೆ, ನೀರಿಗಿಳಿಸುವ ತಳ್ಳುಗಾಡಿ 14, ಹಾಳಾದ ರೆಸಿನ್ 5, ಫ್ಲೆಕ್ಸ್ ಹತ್ತಿರ ಎರಡು ಸಾವಿರ. ಒಟ್ಟು ಒಂದು ಲಕ್ಷ ನಲವತ್ತರ ಆಸುಪಾಸು. ಮಾವಿನ ಮರದ ಕೆಳಗೆ ಹಾಕಿದ ಅಂದಾಜಿಗಿಂತ ಹದಿನೈದು ಸಾವಿರ ಜಾಸ್ತಿ. ಅದರಲ್ಲಿ ಏಳು ಸಾವಿರ ನನ್ನ ಜುಲೈ ಅವಸರದ್ದು ಮತ್ತು ಫ್ಲೆಕ್ಸಿನದು. ಉಳಿದದ್ದು ತಳ್ಳುಗಾಡಿ, ಅದಕ್ಕೆ ನಾನು ಆರೇ ಸಾವಿರ ಹಿಡಿದಿದ್ದೆ. ದೋಣಿಯ ಮೈಯಲ್ಲಿ ಮಾತ್ರ ಅಂದಾಜು ಒಂದು ರೂಪಾಯಿಯೂ ತಪ್ಪಲಿಲ್ಲ. ಹೊಸದಕ್ಕೆ ನನಗೆ ಹೇಳಿದ್ದ ದರ ಮೂರು ಮುಕ್ಕಾಲು ಲಕ್ಷ, ಸಾಗಾಟ ಬೇರೆ.

2024ರ ಆಗಸ್ಟಿನಲ್ಲಿ ನೀರಿಗೆ ಇಳಿಸಿದೆ. ಮಳೆ ಚೆನ್ನಾಗಿತ್ತು, ಡ್ಯಾಮ್ ಏರುತ್ತಿತ್ತು. ಇಳಿಸುವ ಮೊದಲು ಅನುಮತಿ ಕಾಗದ ಕೈಯಲ್ಲಿರಲಿ. ಯಲ್ಲಮ್ಮನ ಹುಣ್ಣಿಮೆ ದಿನಗಳಲ್ಲಿ ಆ ರಸ್ತೆಗೆ ದೋಣಿ ಒಯ್ಯಬೇಡಿ, ಚಕ್ಕಡಿ, ಟ್ರ್ಯಾಕ್ಟರ್ ನಡುವೆ ಮಾಸ್ಟ್ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಗಾಳಿ ಎಷ್ಟು ಅನ್ನೋದಕ್ಕೆ ಸವದತ್ತಿ ಸುತ್ತಲಿನ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿದರೆ ಸಾಕು. ಗುಡ್ಡದ ಸಂದಿನಿಂದ ಒಮ್ಮೊಮ್ಮೆ ದಿಕ್ಕು ಬದಲಿಸಿ ಹೊಡೆಯುತ್ತದೆ. ಲೈಫ್ ಜಾಕೆಟ್ ಹಾಕದೆ ನಾನು ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ, ಕಾಕಾನಿಗೂ ಅದೇ ನಿಯಮ.

ಮೊದಲ ದಿನ ದಡದ ಹತ್ತಿರ ಬೇಕಂತಲೇ ಮೂರು ಸಲ ಮಗುಚಿದೆ. ಮೂರೂ ಸಲ ದೋಣಿ ಎದ್ದಿತು, ಬಾಟಲಿಗಳು ಕೆಲಸ ಮಾಡಿದವು. ಮೂರನೇ ಸಲ ಚುಕ್ಕಾಣಿ ಕೊಂಡಿಯಿಂದ ಕಳಚಿ ತೇಲಿ ಹೋಯಿತು. ಅದನ್ನು ಹಿಡಿದಿಡುವ ಚಿಕ್ಕ ಕ್ಲಿಪ್ ಹಾಕುವುದು ಉಳಿದಿತ್ತು, ಐದು ರೂಪಾಯಿಯ ಸಾಮಾನು. ತೆಪ್ಪದಲ್ಲಿ ಬಲೆ ಬಿಡುತ್ತಿದ್ದ ಹಿರಿಯರೊಬ್ಬರು ಅದನ್ನು ಹಿಡಿದು ತಂದರು. ದೋಣಿಯನ್ನು ಸುತ್ತ ನೋಡಿ, ‘ಹುಟ್ಟು ಇಲ್ದ ಹ್ಯಾಂಗ್ ಹೋಗ್ತೈತ್ರಿ ಇದು?’ ಅಂದರು. ಹತ್ತಿಸಿಕೊಂಡೆ. ಗಾಳಿ ಪಕ್ಕದಿಂದ ಇತ್ತು. ಹಾಯಿ ತುಂಬಿ ದೋಣಿ ಒಮ್ಮೆ ವಾಲಿ, ತಳದಿಂದ ಸರ್ ಅನ್ನುವ ಸದ್ದು ಶುರುವಾದಾಗ ಅವರು ಎರಡೂ ಕೈಯಿಂದ ಅಂಚು ಹಿಡಿದರು. ಆಚೆ ದಡ ಮುಟ್ಟುವವರೆಗೆ ಮಾತಿಲ್ಲ. ಇಳಿಯುವಾಗ ‘ಇನ್ನೊಂದ್ ಸಲ’ ಅಂದರು.

ಈ ಮಳೆಗಾಲ ಮುಗಿದ ಮೇಲೆ ಹೋದ ಭಾನುವಾರ ಶಾಪಿನಲ್ಲಿ ಮತ್ತೆ ಎಲ್ಲ ಬಿಚ್ಚಿ, ಪ್ಲಗ್ ತೆಗೆದು, ಒಂದು ತಾಸು ಬಿಟ್ಟು ತೂಗಿದೆ. ಕಾಕಾ ಸ್ಕೇಲ್ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಹೋದ ವರ್ಷ ನೀರಿಗೆ ಇಳಿಸುವಾಗ 105 ಇತ್ತು. ಈಗ 106. ಬಲಗಡೆ ಟ್ಯಾಂಕಿನ ಅಂಚಿಗೆ ಇನ್ನೊಮ್ಮೆ ಸಾಬೂನು ನೀರು ಹಚ್ಚಬೇಕು.